ಗಾಯಕಿಯ ಹೆಸರು ಹೊತ್ತ ನೂಡಲ್ಸ್: ಚಿಕನ್ ಟೆಟ್ರಾಜಿನಿಯ ಮೂರು ರುಚಿ

ನಮ್ಮ ಮನೆಗಳಲ್ಲಿ ಕ್ಯಾಸರೋಲ್ ಎಂದರೆ ಚಪಾತಿ ಬಿಸಿ ಆರದಿರಲೆಂದು ಮುಚ್ಚಿಡುವ ಪ್ಲಾಸ್ಟಿಕ್ ಡಬ್ಬಿ. ಅಮೆರಿಕದಲ್ಲಿ ಅದೇ ಪದಕ್ಕೆ ಅರ್ಥ ಬೇರೆ. ಓವನ್ನಿನಲ್ಲಿಟ್ಟು ಬೇಯಿಸುವ ಆಳವಾದ ಪಾತ್ರೆಗೂ, ಆ ಪಾತ್ರೆಯಲ್ಲೇ ಬೆಂದು ನೇರವಾಗಿ ಊಟದ ಮೇಜಿಗೆ ಬರುವ ಅಡುಗೆಗೂ ಇಲ್ಲಿ ಅದೇ ಹೆಸರು. ನಾನು ಈಗ ಬರೆಯಹೊರಟಿರುವುದು ಅಂತಹ ಒಂದು ಹಳೆಯ ಕ್ಯಾಸರೋಲಿನ ಬಗ್ಗೆ. ಅದರ ಹೆಸರು ಚಿಕನ್ ಟೆಟ್ರಾಜಿನಿ. ಬೇಯಿಸಿದ ಸ್ಪಗೆಟ್ಟಿ ಅಥವಾ ಮೊಟ್ಟೆ ಹಾಕಿದ ನೂಡಲ್ಸ್, ಎಳೆಯೆಳೆಯಾಗಿ ಬಿಡಿಸಿದ ಕೋಳಿ ಮಾಂಸ, ಬೆಣ್ಣೆಯಲ್ಲಿ ಬಾಡಿಸಿದ ಅಣಬೆ, ಕೆನೆ ಮತ್ತು ಶೆರ್ರಿ ವೈನ್ ಸೇರಿದ ಬಿಳಿಯ ಸಾಸ್, ಮೇಲೆ ಪಾರ್ಮೆಸಾನ್ ಚೀಸ್ ಮತ್ತು ಬಾದಾಮಿ ಚೂರು: ಇಷ್ಟೇ ಇದರ ಬಂಡವಾಳ. ಕಳೆದ ಎರಡು ತಿಂಗಳಲ್ಲಿ ಇದನ್ನು ಎದುರು ಮನೆಯವರ ಕೈಯಡುಗೆಯಾಗಿ ಒಮ್ಮೆ, ಸ್ಯಾನ್ ಫ್ರಾನ್ಸಿಸ್ಕೋದ ಹಳೆಯ ರೆಸ್ಟೋರೆಂಟ್ ಒಂದರಲ್ಲಿ ಒಮ್ಮೆ, ಅಂಗಡಿಯ ಫ್ರೀಜರಿನಿಂದ ತಂದ ಪೆಟ್ಟಿಗೆಯಿಂದ ಒಮ್ಮೆ ತಿಂದೆ. ಕೊನೆಗೆ ನಾನೇ ಮಾಡಿಯೂ ನೋಡಿದೆ.

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪಕ್ಕದ ಊರಾದ ಫ್ರೀಮಾಂಟಿನಲ್ಲಿ ಹತ್ತೊಂಬತ್ತು ವರ್ಷ ಸಂಸಾರ ಮಾಡಿದ್ದರೂ ಈ ಅಡುಗೆ ನನ್ನ ಕಣ್ಣಿಗೆ ಬಿದ್ದದ್ದು ನಮ್ಮ ಯಜಮಾನರ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ವಾರ. ಯಾರ ಮನೆಯಲ್ಲಾದರೂ ಕಾಯಿಲೆಯೋ ಬಾಣಂತನವೋ ಸಾವೋ ಆದರೆ ನೆರೆಹೊರೆಯವರು ಕ್ಯಾಸರೋಲ್ ತಂದುಕೊಡುವುದು ಇಲ್ಲಿನ ಹಳಬರ ಪದ್ಧತಿ. ಎದುರು ಮನೆಯ ಎಂಬತ್ತು ದಾಟಿದ ಹಿರಿಯಾಕೆ ಟವೆಲ್ಲಿನಲ್ಲಿ ಸುತ್ತಿ ತಂದ ಪಾತ್ರೆ ಬಿಳಿಯದು, ಪಕ್ಕದಲ್ಲಿ ಮೂರು ನೀಲಿ ಹೂವುಗಳ ಚಿತ್ರವಿತ್ತು. ಅದು 1958ರಲ್ಲಿ ಮಾರುಕಟ್ಟೆಗೆ ಬಂದ ಕಾರ್ನಿಂಗ್‌ವೇರ್. ಕುಲುಮೆಯ ಶಾಖ ತಪ್ಪಿ 600 ಡಿಗ್ರಿಯ ಬದಲು 900 ಡಿಗ್ರಿಗೆ ಏರಿ, ಹಾಳಾಯಿತೆಂದುಕೊಂಡ ಗಾಜಿನ ತುಂಡು ಕೈಜಾರಿ ಬಿದ್ದರೂ ಒಡೆಯದಿದ್ದಾಗ ಆ ಸಾಮಗ್ರಿ ಪತ್ತೆಯಾಯಿತು. ಪಾತ್ರೆಗೂ ಒಂದು ಚರಿತ್ರೆ ಇದೆ ಎಂಬುದಕ್ಕಷ್ಟೇ ಇದನ್ನು ಹೇಳಿದೆ.

ಮುಚ್ಚಳ ತೆಗೆದಾಗ, ನಿಜ ಹೇಳುವುದಾದರೆ, ನನಗೆ ಅದು ಪಥ್ಯದ ಊಟದಂತೆ ಕಂಡಿತು. ಅರಿಶಿನವಿಲ್ಲ, ಮೆಣಸಿನ ಕೆಂಪಿಲ್ಲ, ಒಗ್ಗರಣೆಯ ಕರಿಬೇವಿಲ್ಲ. ಬಿಳಿ, ಕೆನೆ, ನಸುಕಂದು ಬಿಟ್ಟರೆ ನಾಲ್ಕನೆಯ ಬಣ್ಣವೇ ಇಲ್ಲ. ಚಮಚ ಇಳಿಸಿದಾಗ ಮೇಲಿನ ಪದರ ಸಣ್ಣಗೆ ಚಟ್ ಎಂದು ಮುರಿಯಿತು, ಒಳಗಿನಿಂದ ಸಾಸ್ ನಿಧಾನವಾಗಿ ಚಮಚದ ಸುತ್ತ ಬಂದು ತುಂಬಿಕೊಂಡಿತು. ಬಾಯಿಗಿಟ್ಟರೆ ಮೊದಲು ಬೆಣ್ಣೆ, ಆಮೇಲೆ ಅಣಬೆಯ ಮಣ್ಣಿನ ಘಮ, ನುಂಗುವ ಹೊತ್ತಿಗೆ ಒಣದ್ರಾಕ್ಷಿಯನ್ನೂ ಹುರಿದ ಬೀಜವನ್ನೂ ನೆನಪಿಸುವ ಒಂದು ವಾಸನೆ. ಆ ಕೊನೆಯದು ಶೆರ್ರಿ ಎಂದು ಆಕೆಯೇ ಹೇಳಿದ ಮೇಲೆ ಗೊತ್ತಾಯಿತು. ಖಾರವಿಲ್ಲದ ಅಡುಗೆಯನ್ನು ಸಪ್ಪೆ ಎಂದು ಬದಿಗೆ ತಳ್ಳುವ ನಮ್ಮ ಯಜಮಾನರು ಎರಡನೆಯ ಸಲ ಬಡಿಸಿಕೊಂಡದ್ದನ್ನು ಇಲ್ಲಿ ಸಾಕ್ಷಿಯಾಗಿ ದಾಖಲಿಸುತ್ತೇನೆ.

ದಾವಣಗೆರೆ ಬೆಣ್ಣೆ ದೋಸೆ, ಮದ್ದೂರು ವಡೆ, ಧಾರವಾಡ ಪೇಡ ಎಂದು ನಮ್ಮಲ್ಲಿ ತಿಂಡಿಗೆ ಊರಿನ ಹೆಸರು ಅಂಟಿಕೊಂಡರೆ, ನೂರಿಪ್ಪತ್ತು ವರ್ಷಗಳ ಹಿಂದಿನ ಯುರೋಪ್ ಮತ್ತು ಅಮೆರಿಕದ ದೊಡ್ಡ ಹೋಟೆಲುಗಳಲ್ಲಿ ಹೆಸರಾಂತ ಅತಿಥಿಗಳ ಹೆಸರು ಅಂಟಿಕೊಳ್ಳುತ್ತಿತ್ತು. ಆಸ್ಟ್ರೇಲಿಯಾದ ಒಪೆರಾ ಗಾಯಕಿ ನೆಲ್ಲೀ ಮೆಲ್ಬಾಗೆ ಲಂಡನ್ನಿನಲ್ಲಿ ಪೀಚ್ ಮೆಲ್ಬಾ ಸಿಕ್ಕಿತು. ಇಟಲಿಯ ಲೂಯಿಸಾ ಟೆಟ್ರಾಜಿನಿಗೆ ಈ ನೂಡಲ್ಸ್ ಸಿಕ್ಕಿತು. 1871ರಲ್ಲಿ ಫ್ಲಾರೆನ್ಸಿನಲ್ಲಿ ಹುಟ್ಟಿದ ಟೆಟ್ರಾಜಿನಿಯದು ತಾರಸ್ಥಾಯಿಯಲ್ಲಿ ತಾನಗಳನ್ನು ಸಲೀಸಾಗಿ ಹರಿಸಬಲ್ಲ, ಕೊಲೊರಟೂರಾ ಸೊಪ್ರಾನೊ ಎಂದು ಕರೆಯಲಾಗುವ ಕಂಠ. ಆಕೆ ಸ್ಯಾನ್ ಫ್ರಾನ್ಸಿಸ್ಕೋದ ಟಿವೊಲಿ ಒಪೆರಾ ಹೌಸಿನಲ್ಲಿ 1905ರ ಜನವರಿಯಲ್ಲಿ ‘ರಿಗೊಲೆಟ್ಟೊ’ದ ಗಿಲ್ಡಾ ಪಾತ್ರವನ್ನು ಹಾಡಿ ಆ ಊರಿನ ಮನಸ್ಸನ್ನು ಗೆದ್ದಳು, 1907ರ ನವೆಂಬರಿನಲ್ಲಿ ಲಂಡನ್ನಿನ ಕವೆಂಟ್ ಗಾರ್ಡನ್ನಿನಲ್ಲಿ, 1908ರ ಜನವರಿಯಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್ ಒಪೆರಾ ಹೌಸಿನಲ್ಲಿ ಹಾಡಿದ ಮೇಲೆ ಆಕೆಯ ಹೆಸರು ಮನೆಮಾತಾಯಿತು.

ಈ ಅಡುಗೆಯನ್ನು ಮೊದಲು ಮಾಡಿದವರು ಯಾರು ಎಂಬ ಪ್ರಶ್ನೆಗೆ ಹೆಚ್ಚಿನವರು ಕೊಡುವ ಉತ್ತರ, ಸ್ಯಾನ್ ಫ್ರಾನ್ಸಿಸ್ಕೋದ ಪ್ಯಾಲೇಸ್ ಹೋಟೆಲಿನ ಬಾಣಸಿಗ ಅರ್ನೆಸ್ಟ್ ಆರ್ಬೊಗಾಸ್ಟ್, ಕಾಲ 1908ರಿಂದ 1910ರ ನಡುವೆ. ಕೇಳಲು ಸೊಗಸಾದ ಈ ಉತ್ತರ ಕಾಲಗಣನೆಯ ಮುಂದೆ ಸ್ವಲ್ಪ ಮುಗ್ಗರಿಸುತ್ತದೆ. 1875ರಲ್ಲಿ ಕಟ್ಟಿದ ಪ್ಯಾಲೇಸ್ ಹೋಟೆಲ್ 1906ರ ಏಪ್ರಿಲ್ 18ರ ಭೂಕಂಪದ ಬೆನ್ನಲ್ಲೇ ಹಬ್ಬಿದ ಬೆಂಕಿಯಲ್ಲಿ ಸುಟ್ಟುಹೋಯಿತು; ಅದೇ ಜಾಗದಲ್ಲಿ ಹೊಸ ಕಟ್ಟಡ ಬಾಗಿಲು ತೆರೆದದ್ದು 1909ರ ಡಿಸೆಂಬರಿನಲ್ಲಿ. ಆದರೆ ‘ಗುಡ್ ಹೌಸ್‌ಕೀಪಿಂಗ್’ ಪತ್ರಿಕೆಯ 1908ರ ಅಕ್ಟೋಬರ್ ಸಂಚಿಕೆಯಲ್ಲೇ, ನಲವತ್ತೆರಡನೆಯ ಬೀದಿಯ ರೆಸ್ಟೋರೆಂಟಿನಲ್ಲಿ ಕಂಡ ಟರ್ಕಿ ಕೋಳಿಯ ಟೆಟ್ರಾಜಿನಿಯ ಪ್ರಸ್ತಾಪವಿದೆ. ಅದು ನ್ಯೂಯಾರ್ಕಿನ ನಲವತ್ತೆರಡನೆಯ ಬೀದಿ, ಬಹುಶಃ 1906ರಲ್ಲಿ ಆರಂಭವಾದ ನಿಕರ್‌ಬಾಕರ್ ಹೋಟೆಲ್. ಪ್ಯಾಲೇಸ್ ಹೋಟೆಲಿನ ಪಕ್ಷ ವಹಿಸುವವರು ಅಡುಗೆ ಹುಟ್ಟಿದ್ದು ಬೆಂಕಿಗೆ ಮೊದಲು, 1905ರಲ್ಲೇ, ಎಂದು ವಾದಿಸಬೇಕಾಗುತ್ತದೆ. ಹೊಸ ಕಟ್ಟಡದ ಲೆಕ್ಕಕ್ಕಂತೂ ಅದು ಸೇರಲಾರದು. ಒಂದು ಕೊಲ್ಲಿಯ ಆಚೀಚೆ ಬದುಕುವ ನನಗೆ ನಮ್ಮೂರ ಹೋಟೆಲಿನ ಮೇಲೆ ಅಭಿಮಾನವಿದ್ದರೂ, ಅಚ್ಚಾದ ಪುಟ ನ್ಯೂಯಾರ್ಕಿನ ಕಡೆಗೇ ಬೆರಳು ತೋರಿಸುತ್ತಿದೆ. ಪ್ಯಾಲೇಸ್ ಹೋಟೆಲಿಗೆ ಇದರಿಂದ ನಷ್ಟವೇನಿಲ್ಲ. 1923ರಲ್ಲಿ ನಟ ಜಾರ್ಜ್ ಆರ್ಲಿಸ್ ಗೌರವಾರ್ಥ ಹುಟ್ಟಿದ ಗ್ರೀನ್ ಗಾಡೆಸ್ ಎಂಬ ಹಸಿರು ಸಾಸಿನ ಕೀರ್ತಿ ಅದರ ಪಾಲಿಗಿದೆ.

ಆದರೂ ಹೆಸರಿನ ನೆನಪನ್ನು ಉಳಿಸಿಕೊಂಡದ್ದು ಸ್ಯಾನ್ ಫ್ರಾನ್ಸಿಸ್ಕೋವೇ. 1910ರಲ್ಲಿ ಟೆಟ್ರಾಜಿನಿಗೂ ಆಕೆಯನ್ನು ನ್ಯೂಯಾರ್ಕಿಗೆ ಕರೆತಂದಿದ್ದ ಆಸ್ಕರ್ ಹ್ಯಾಮರ್‌ಸ್ಟೈನಿಗೂ ಒಪ್ಪಂದದ ವ್ಯಾಜ್ಯ ಹುಟ್ಟಿದಾಗ, ಬೀದಿಯಲ್ಲಿ ಹಾಡಬೇಕಾದರೂ ಸರಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾಡಿಯೇ ತೀರುತ್ತೇನೆ ಎಂದು ಆಕೆ ಹೇಳಿದಳು, ಹೇಳಿದಂತೆಯೇ ಮಾಡಿದಳು. ಆ ವರ್ಷದ ಕ್ರಿಸ್‌ಮಸ್ ಮುನ್ನಾದಿನ ಮಾರ್ಕೆಟ್ ಸ್ಟ್ರೀಟಿನ ಲೊಟ್ಟಾ ಕಾರಂಜಿಯ ಬಳಿ, ಬಯಲಿನಲ್ಲಿ, ಮೈಕು ಇಲ್ಲದೆ ಹಾಡಿದಾಗ ಕೇಳಲು ನಿಂತವರ ಸಂಖ್ಯೆಯನ್ನು ಎರಡು ಲಕ್ಷಕ್ಕೂ ಮೇಲೆ ಅಂದಾಜು ಮಾಡುತ್ತಾರೆ. ಆ ಎರಕದ ಕಬ್ಬಿಣದ ಕಾರಂಜಿ ಈಗಲೂ ಪ್ಯಾಲೇಸ್ ಹೋಟೆಲಿನಿಂದ ಕೂಗಳತೆಯ ದೂರದಲ್ಲಿದೆ, ಅದರ ಮೇಲೆ ಗಾಯಕಿಯ ಉಬ್ಬುಚಿತ್ರದ ಫಲಕವಿದೆ. ನಾನು ಹೋದ ದಿನ ಅದರ ಕಟ್ಟೆಯ ಮೇಲೆ ಯಾರೋ ಕಾಫಿ ಲೋಟ ಮರೆತು ಹೋಗಿದ್ದರು, ಟ್ರಾಮು ದಡಬಡಿಸಿಕೊಂಡು ಹಾದುಹೋಗುತ್ತಿತ್ತು. ಆ ಸದ್ದಿನಲ್ಲಿ ಪಕ್ಕದವರ ಮಾತೇ ಕೇಳಿಸದಿದ್ದಾಗ, ಧ್ವನಿವರ್ಧಕವಿಲ್ಲದೆ ಹಾಡಿದ ಕಂಠ ಎಂಥದ್ದಿರಬೇಕು ಎಂದು ಲೆಕ್ಕ ಹಾಕುತ್ತಾ ಸ್ವಲ್ಪ ಹೊತ್ತು ನಿಂತಿದ್ದೆ.

ಅಲ್ಲಿಂದ ನಡೆದು ಹೋಗಬಹುದಾದ ದೂರದಲ್ಲಿದ್ದ ರೆಸ್ಟೋರೆಂಟಿನಲ್ಲಿ ನನ್ನ ಎರಡನೆಯ ಟೆಟ್ರಾಜಿನಿ. ಅದರ ಹೆಸರು ಹೇಳುವ ಅಗತ್ಯ ಕಾಣುವುದಿಲ್ಲ. ಬಿಳಿಯ ಮೇಜುವಸ್ತ್ರ, ಕಪ್ಪು ಕೋಟು ತೊಟ್ಟ ಹಿರಿಯ ಸಪ್ಲೈಯರುಗಳು, ಹಿತ್ತಾಳೆಯ ಕೋಟು ಮೊಳೆಗಳು, ಎಲ್ಲವೂ ಆ ಕಾಲವನ್ನು ನಂಬಿಸುವಂತಿದ್ದವು. ಬೆಲೆ 26 ಡಾಲರ್, ಕಾಯಿಸಿದ್ದು ಮೂವತ್ತೈದು ನಿಮಿಷ. ಕಾಯುವಿಕೆಯನ್ನು ನಾನು ದೋಷವೆಂದು ಎಣಿಸುವುದಿಲ್ಲ, ಏಕೆಂದರೆ ಆಗಷ್ಟೇ ಒಲೆಯಿಂದ ಇಳಿದ ಟೆಟ್ರಾಜಿನಿಗೆ ಅಷ್ಟು ಹೊತ್ತು ಬೇಕೇ ಬೇಕು. ದುಃಖವೆಂದರೆ ಬಂದದ್ದು ಆಗಷ್ಟೇ ಬೆಂದದ್ದಲ್ಲ. ಮೊದಲೇ ಮಾಡಿಟ್ಟು ಬಡಿಸುವ ಮುನ್ನ ಮತ್ತೆ ಕಾಯಿಸಿದ್ದರಿಂದ ಮೇಲ್ಪದರ ಬೂದುಗಂದಾಗಿತ್ತು, ನೂಡಲ್ಸ್ ಒಂದಕ್ಕೊಂದು ಅಂಟಿ ಮುದ್ದೆಗಟ್ಟಿತ್ತು, ಮುಳ್ಳುಚಮಚ ಎತ್ತಿದರೆ ಇಡೀ ತುಂಡು ಕೇಕಿನ ಹಾಗೆ ಎದ್ದು ಬರುತ್ತಿತ್ತು. ಕೋಳಿಯ ಬಗ್ಗೆ ತಕರಾರಿಲ್ಲ, ಅಣಬೆ ಒಳ್ಳೆಯದಿತ್ತು, ಶೆರ್ರಿಯನ್ನೂ ಜಿಪುಣತನವಿಲ್ಲದೆ ಹಾಕಿದ್ದರು. ಆದರೆ ಸಾಸ್ ಎಂಬುದು ಎಲ್ಲೂ ಹರಿಯುತ್ತಿರಲಿಲ್ಲ. ವಿಚಾರಿಸಿದಾಗ ಸಪ್ಲೈಯರು ಸೌಜನ್ಯದಿಂದಲೇ ಒಂದು ಪುಟ್ಟ ಬಟ್ಟಲಿನಲ್ಲಿ ಬಿಸಿ ಕೆನೆ ತಂದಿಟ್ಟರು. ಅದು ಮೇಲೆ ನಿಂತಿತು, ಒಳಗೆ ಇಳಿಯಲಿಲ್ಲ.

ಮೂರನೆಯದರ ಬಗ್ಗೆ ಹೆಚ್ಚು ಬರೆಯುವುದು ಪುಟ ದಂಡ. ಫ್ರೀಜರ್ ಪೆಟ್ಟಿಗೆಯ ಟೆಟ್ರಾಜಿನಿ ಏಳು ನಿಮಿಷಕ್ಕೆ ಮೈಕ್ರೋವೇವಿನಿಂದ ಹೊರಬಂತು, ನಡುವೆ ಹಿಮ, ಅಂಚಿನಲ್ಲಿ ಲಾವಾ. ಉಪ್ಪು ಜಾಸ್ತಿ, ಅಣಬೆ ಲೆಕ್ಕಕ್ಕೆ ಸಿಗುವಷ್ಟು. ಹಸಿದವರ ಹೊಟ್ಟೆ ತುಂಬುತ್ತದೆ, ಅದರಾಚೆಗೆ ಅದು ಏನನ್ನೂ ಹೇಳಿಕೊಳ್ಳುತ್ತಿಲ್ಲ.

ಹೋಟೆಲಿನ ರಾಜಭೋಜನವಾಗಿ ಹುಟ್ಟಿದ ಅಡುಗೆ ಈ ಪೆಟ್ಟಿಗೆಯವರೆಗೆ ಹೇಗೆ ಇಳಿದು ಬಂತು ಎಂಬುದನ್ನು ವಿವರಿಸಲು ಎರಡು ಸಂಗತಿಗಳು ಸಾಕು. ಮೊದಲನೆಯದು 1920ರಿಂದ 1933ರವರೆಗಿನ ಮದ್ಯನಿಷೇಧ. ಆ ಹದಿಮೂರು ವರ್ಷ ಶೆರ್ರಿ ಅಡುಗೆಮನೆಗೆ ನೇರ ದಾರಿಯಿಂದ ಬರುವಂತಿರಲಿಲ್ಲ. ಎರಡನೆಯದು 1934ರಲ್ಲಿ ಕ್ಯಾಂಪ್‌ಬೆಲ್ ಕಂಪನಿ ಡಬ್ಬಿಯಲ್ಲಿ ತಂದ ಗಟ್ಟಿ ಅಣಬೆ ಸೂಪು. ಬೆಣ್ಣೆಯಲ್ಲಿ ಮೈದಾ ಹುರಿದು, ಗಂಟಾಗದಂತೆ ಸಾರು ಬೆರೆಸಿ, ಕೆನೆ ಕೂಡಿಸುವ ಅರ್ಧ ಗಂಟೆಯ ಕೆಲಸವನ್ನು ಆ ಡಬ್ಬಿ ಅರ್ಧ ನಿಮಿಷಕ್ಕೆ ಇಳಿಸಿತು. ಆರ್ಥಿಕ ಮುಗ್ಗಟ್ಟಿನ ಆ ದಶಕದಲ್ಲಿ ಗೃಹಿಣಿಯರು ಅದನ್ನು ಕೈಬೀಸಿ ಕರೆದದ್ದರಲ್ಲಿ ತಪ್ಪೇನೂ ಇಲ್ಲ. ಮಿನ್ನೆಸೋಟಾದ ಕಡೆ ಚರ್ಚಿನ ಸಾಮೂಹಿಕ ಊಟಗಳಲ್ಲಿ ಎಲ್ಲ ಅಡುಗೆಯನ್ನೂ ಹಿಡಿದು ನಿಲ್ಲಿಸುವ ಆ ಸೂಪಿಗೆ ‘ಲೂಥರನ್ ಬೈಂಡರ್’, ಅಂದರೆ ಲೂಥರನ್ನರ ಅಂಟು, ಎಂಬ ಅಡ್ಡಹೆಸರೇ ಬಿದ್ದಿದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಉಳಿದ ಟರ್ಕಿ ಮಾಂಸವನ್ನು ಖಾಲಿ ಮಾಡಲು ಟೆಟ್ರಾಜಿನಿಗಿಂತ ಸುಲಭದ ದಾರಿ ಇರಲಿಲ್ಲವಾದ್ದರಿಂದ, ಗಾಯಕಿಯ ಹೆಸರು ಕ್ರಮೇಣ ಹಳಸಿದ ಉಳಿಕೆಯ ಹೆಸರಾಯಿತು. ಡಬ್ಬಿ ಸೂಪಿನ ಮೇಲೆ ನನಗೆ ದ್ವೇಷವಿಲ್ಲ. ಆದರೆ ಅದು ಈ ಅಡುಗೆಯಿಂದ ತೆಗೆದುಹಾಕಿದ್ದು ಶ್ರಮವನ್ನು ಮಾತ್ರವಲ್ಲ, ಹರಿವನ್ನು ಎಂಬುದು ನನ್ನ ಆಕ್ಷೇಪ. ಟೆಟ್ರಾಜಿನಿಯ ಸೊಗಸೆಲ್ಲ ಇರುವುದು ಸಾಸಿನ ತೆಳುವಿನಲ್ಲಿ.

ಈ ಮಾತನ್ನು ನಾನು ಅರಿತದ್ದು ಎದುರು ಮನೆಯವರು ಕೊಟ್ಟ ಚೀಟಿಯಿಂದ. ಅವರ ತಾಯಿ ಬೆರಳಚ್ಚು ಯಂತ್ರದಲ್ಲಿ ಹೊಡೆದಿಟ್ಟ ಹಳದಿಗಟ್ಟಿದ ಕಾರ್ಡು. ಮೂಲೆಯಲ್ಲಿ ಬೆಣ್ಣೆಯ ಕಲೆ, ಕೆಳಗೆ ಪೆನ್ಸಿಲಿನಲ್ಲಿ ಎರಡು ಸೂಚನೆ. ಶೆರ್ರಿ ಕಡಿಮೆ ಮಾಡಬಾರದು ಎಂಬುದು ಒಂದು. ಓವನ್ನಿಗೆ ಇಡುವಾಗ ತಪ್ಪಾಯಿತೇನೋ ಎನ್ನಿಸುವಷ್ಟು ಸಾಸ್ ತೆಳ್ಳಗಿರಬೇಕು ಎಂಬುದು ಇನ್ನೊಂದು.

ಅದರಂತೆ ನಾನು ಆರೇಳು ಜನಕ್ಕೆ ಮಾಡಿದ ಅಳತೆ ಹೀಗಿದೆ. 350 ಗ್ರಾಂ ಸ್ಪಗೆಟ್ಟಿಯನ್ನು ಪೊಟ್ಟಣದ ಮೇಲೆ ಬರೆದ ಸಮಯಕ್ಕಿಂತ ಎರಡು ನಿಮಿಷ ಮೊದಲೇ ಇಳಿಸಿ ಬಸಿದೆ. 250 ಗ್ರಾಂ ಅಣಬೆಯನ್ನು ಹೆಚ್ಚಿ, ನೀರು ಬಿಟ್ಟು ಅದು ಇಂಗಿ ಅಂಚು ಕಂದಾಗುವವರೆಗೆ ಬೆಣ್ಣೆಯಲ್ಲಿ ಹುರಿದೆ. ಇಲ್ಲಿ ಅವಸರ ಮಾಡಿದರೆ ಅಣಬೆ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಬೇರೆ ಬಾಣಲೆಯಲ್ಲಿ 60 ಗ್ರಾಂ ಬೆಣ್ಣೆಗೆ 40 ಗ್ರಾಂ ಮೈದಾ ಹಾಕಿ ಹಸಿ ವಾಸನೆ ಹೋಗುವಷ್ಟು ಮಾತ್ರ ಹುರಿದು, ಬಣ್ಣ ತಿರುಗುವ ಮೊದಲೇ 700 ಮಿಲಿಲೀಟರ್ ಕೋಳಿ ಸಾರು ಸ್ವಲ್ಪಸ್ವಲ್ಪವಾಗಿ ಬೆರೆಸಿ, ಕುದಿ ಬಂದ ಮೇಲೆ 240 ಮಿಲಿಲೀಟರ್ ಕೆನೆ, ಮೂರು ದೊಡ್ಡ ಚಮಚ ಸಿಹಿಯಿಲ್ಲದ ‘ಡ್ರೈ’ ಶೆರ್ರಿ, ಚಿಟಿಕೆ ಜಾಯಿಕಾಯಿ, ಬಿಳಿ ಮೆಣಸು ಹಾಕಿದೆ. 500 ಗ್ರಾಂ ಬೆಂದ ಕೋಳಿ ಮಾಂಸ, ಅಣಬೆ ಮತ್ತು ಸ್ಪಗೆಟ್ಟಿ ಕೂಡಿಸಿ, ಪಾತ್ರೆಗೆ ಸುರಿದು, ತುರಿದ ಪಾರ್ಮೆಸಾನ್ ಒಂದು ಮುಷ್ಟಿ, ಸೀಳಿದ ಬಾದಾಮಿ ಅರ್ಧ ಮುಷ್ಟಿ ಉದುರಿಸಿ, 190 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಪ್ಪತ್ತೈದು ನಿಮಿಷ ಇಟ್ಟೆ. ಉಪ್ಪನ್ನು ಕೊನೆಗೆ ನೋಡಿ ಹಾಕುವುದು ಒಳಿತು, ಏಕೆಂದರೆ ಸಾರಿನಲ್ಲೂ ಚೀಸಿನಲ್ಲೂ ಅದು ಮೊದಲೇ ಇದೆ. ‘ಕುಕಿಂಗ್ ಶೆರ್ರಿ’ ಎಂದು ದಿನಸಿ ಅಂಗಡಿಯಲ್ಲಿ ಮಾರುವ ಬಾಟಲಿಯನ್ನು ಮುಟ್ಟಬೇಡಿ. ಅದಕ್ಕೂ ಉಪ್ಪು ಬೆರೆಸಿರುತ್ತಾರೆ.

ಓವನ್ನಿಗೆ ಇಡುವ ಮುನ್ನ ಪಾತ್ರೆಯಲ್ಲಿ ನೂಡಲ್ಸ್ ತೇಲುತ್ತಿರುವುದನ್ನು ಕಂಡು ನನಗೆ ಗಾಬರಿಯಾಗಿ, ಇನ್ನಷ್ಟು ಮೈದಾ ಕಲಸಲು ಹೊರಟೆ. ಧಾರವಾಡದಿಂದ ಬಂದಿರುವ ನಮ್ಮ ಅತ್ತೆಯವರು ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. “ಯಾಕ ಗಟ್ಟಿ ಮಾಡ್ತಿ? ಶಾವಿಗಿ ಹಾಲು ಕುಡಿಯೂದಿಲ್ಲೇನು?” ಎಂದರು. ನಾನು ಮೈದಾ ಡಬ್ಬಿ ಕೆಳಗಿಟ್ಟೆ. ಶಾವಿಗೆ ಪಾಯಸ ಮಾಡಿದವರಿಗೆಲ್ಲ ಗೊತ್ತಿರುವ ಸಂಗತಿಯಿದು: ಒಲೆಯಿಂದ ಇಳಿಸುವಾಗ ಹಾಲಿನಂತಿದ್ದದ್ದು ಎಲೆಗೆ ಬರುವ ಹೊತ್ತಿಗೆ ಹದವಾಗಿರುತ್ತದೆ, ರಾತ್ರಿಗೆ ಚಮಚ ನಿಲ್ಲುವಷ್ಟು ಗಟ್ಟಿಯಾಗಿರುತ್ತದೆ. ಗೋಧಿಯ ಎಳೆ ಬಿಸಿಯಲ್ಲಿ ದ್ರವವನ್ನು ಹೀರುತ್ತಲೇ ಇರುತ್ತದೆ, ಅದಕ್ಕೆ ಇಟಲಿಯದೆಂದೋ ಧಾರವಾಡದ್ದೆಂದೋ ಭೇದವಿಲ್ಲ. ರೆಸ್ಟೋರೆಂಟಿನ ಮುದ್ದೆಗೆ ಕಾರಣವೂ ಅದೇ: ಬೆಳಿಗ್ಗೆ ಮಾಡಿಟ್ಟ ಪಾಯಸವನ್ನು ಹಾಲು ಹಾಕದೆ ಕಾಯಿಸಿದಂತಾಗಿತ್ತು.

ಸಸ್ಯಾಹಾರಿಗಳಾದ ಅತ್ತೆಯವರಿಗೆ ಚಿಕ್ಕ ಪಾತ್ರೆಯಲ್ಲಿ ಬೇರೆಯೇ ಮಾಡಿದ್ದೆ. ಕೋಳಿಯ ಬದಲು ಅಣಬೆಯನ್ನು ದುಪ್ಪಟ್ಟು ಮಾಡಿ, ಅಣಬೆಯ ತೊಟ್ಟು, ಕ್ಯಾರೆಟ್, ಸೆಲರಿ ಕುದಿಸಿದ ತರಕಾರಿ ಸಾರು ಬಳಸಿದೆ. ನಮ್ಮವರು ಗಮನಿಸಬೇಕಾದ ಎರಡು ವಿಷಯಗಳಿವೆ. ಅಸಲಿ ಪಾರ್ಮಿಜಾನೋ ರೆಜ್ಜಾನೋ ಚೀಸಿನಲ್ಲಿ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಬಳಸುತ್ತಾರೆ, ಆದ್ದರಿಂದ ಸಸ್ಯಾಹಾರಿ ರೆನ್ನೆಟ್ ಎಂದು ಮುದ್ರಿಸಿರುವ ಗಟ್ಟಿ ಚೀಸನ್ನು ಹುಡುಕಿ ತರಬೇಕು. ಇನ್ನು ಕುದಿಸಿದರೆ ವೈನಿನ ಮದ್ಯಾಂಶವೆಲ್ಲ ಹಾರಿಹೋಗುತ್ತದೆ ಎಂಬ ಸಮಾಧಾನ ಪೂರ್ತಿ ನಿಜವಲ್ಲ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ ಅರ್ಧ ಗಂಟೆ ಕುದಿಸಿದರೂ ಶೇಕಡಾ 35ರಷ್ಟು ಉಳಿದಿರುತ್ತದೆ. ಬೇಡವೆನ್ನುವವರಿಗೆ ಶೆರ್ರಿಯನ್ನು ಬಿಟ್ಟು ಕೊನೆಯಲ್ಲಿ ಒಂದು ಚಮಚ ನಿಂಬೆರಸ ಹಿಂಡಬಹುದು. ಬೀಜದ ಘಮ ಬರುವುದಿಲ್ಲವಾದರೂ ಕೆನೆಯ ಜಿಡ್ಡನ್ನು ಕತ್ತರಿಸುವ ಕೆಲಸವನ್ನು ನಿಂಬೆ ಮಾಡಿಕೊಡುತ್ತದೆ. ಅತ್ತೆಯವರ ತೀರ್ಪು ಮಾತ್ರ ಕಠಿಣವಾಗಿತ್ತು: “ಛಲೋ ಆಗೇದ, ಆದ್ರ ಸಕ್ರಿ ಹಾಕೂದು ಮರ್ತಿ ಅನಸ್ತದ.” ಹೀಗೆಂದು ಪಕ್ಕಕ್ಕೆ ಮಾವಿನ ಉಪ್ಪಿನಕಾಯಿ ಹಾಕಿಸಿಕೊಂಡರು. ನಾನೂ ಹಾಕಿಕೊಂಡು ನೋಡಿದೆ. ಅಣಬೆಯ ಘಮ ಆ ಕ್ಷಣವೇ ಮಾಯವಾಯಿತು, ಹಾಗಾಗಿ ಶಿಫಾರಸು ಮಾಡಲಾರೆ. ಪಕ್ಕಕ್ಕೆ ಏನಾದರೂ ಬೇಕೇ ಬೇಕೆಂದರೆ ಎಣ್ಣೆ ಮತ್ತು ವಿನೆಗರ್ ಹಾಕಿದ ಹಸಿ ಸೊಪ್ಪು ಸಾಕು.

ಮೂರರ ಪೈಕಿ ಯಾವುದು ಮೇಲು ಎಂದು ಈಗ ಬೇರೆ ಹೇಳಬೇಕಿಲ್ಲ. ರೆಸ್ಟೋರೆಂಟಿಗೆ ಮತ್ತೊಮ್ಮೆ ಹೋಗುವುದಾದರೆ ಮಧ್ಯಾಹ್ನ ಬಾಗಿಲು ತೆರೆದ ಕೂಡಲೇ ಹೋಗಿ, ಅಂಚಿನ ತುಂಡನ್ನೇ ಬಡಿಸಿ ಎಂದು ಕೇಳುವೆ. ಪಾತ್ರೆಯ ಮೂಲೆಯಲ್ಲಿ ಚೀಸ್ ಎರಡು ಕಡೆಯಿಂದ ಗರಿಯಾಗಿರುವುದರಿಂದ ಆ ಭಾಗ ಎಲ್ಲ ಟೆಟ್ರಾಜಿನಿಗಳಲ್ಲೂ ಚೆನ್ನಾಗಿರುತ್ತದೆ. ಮನೆಯಲ್ಲಿ ಮರುದಿನಕ್ಕೆ ಉಳಿದದ್ದನ್ನು ಕಾಯಿಸುವಾಗ ಅರ್ಧ ಲೋಟ ಬಿಸಿ ಸಾರನ್ನು ಅಂಚಿನ ಸುತ್ತ ಸುರಿದು, ಹತ್ತು ನಿಮಿಷ ಮುಚ್ಚಿಟ್ಟು, ಆಮೇಲೆ ಶಾಖಕ್ಕೆ ಇಡಬೇಕು.

ನೀಲಿ ಹೂವಿನ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದು ನಮ್ಮ ಪದ್ಧತಿಯಲ್ಲವಾದ್ದರಿಂದ ಅದರ ತುಂಬ ಶಾವಿಗೆ ಪಾಯಸ ಮಾಡಿ ಎದುರು ಮನೆಗೆ ಕೊಟ್ಟು ಬಂದೆ. ರಾತ್ರಿ ಎಂಟಕ್ಕೆ ಆಕೆಯ ಫೋನು ಬಂತು. ಪಾಯಸ ಗಟ್ಟಿಯಾಗಿದೆ, ಹಾಲು ಸೇರಿಸಿದರೆ ನಡೆಯುತ್ತದೆಯೇ ಎಂದು ಕೇಳಿದರು, ನಾನು ಉತ್ತರಿಸುವ ಮೊದಲೇ ಆ ಕಡೆ ಫ್ರಿಜ್ ಬಾಗಿಲು ತೆರೆದ ಸದ್ದು ಕೇಳಿಸಿತು.